ಕೂದಲೆಳೆಯಷ್ಟು ಸರಿದರೆ ಸಾಕು: ಪರಮಾಣು ಕ್ಲಸ್ಟರ್‌ಗಳ ಪೋಲರೈಸಬಿಲಿಟಿ ಮತ್ತು ಡೈಪೋಲ್ ಮೊಮೆಂಟ್ ಅಳೆಯುವ ಸಮಗ್ರ ಮಾರ್ಗದರ್ಶಿ

ಜೂನ್ ಮೊದಲ ವಾರ. ಮಂಗಳೂರಿನಲ್ಲಿ ಮಳೆ ಹಿಡಿದು ಮೂರು ದಿನವಾಗಿತ್ತು. ನಮ್ಮ ಪುಟ್ಟ ನಿರ್ವಾತ ಬೆಂಚಿನಲ್ಲಿ ಸೋಡಿಯಂ ಪರಮಾಣುಗಳ ಕಿರಣ ಚೆನ್ನಾಗಿಯೇ ಓಡುತ್ತಿತ್ತು. ಹೈ ವೋಲ್ಟೇಜ್ ಸಪ್ಲೈಯ ಮೀಟರ್ 25 ಕಿಲೋವೋಲ್ಟ್ ತೋರಿಸುತ್ತಿತ್ತು. ಆ ವೋಲ್ಟೇಜ್ ಕೊಟ್ಟ ಎರಡು ಪ್ಲೇಟುಗಳ ನಡುವೆ ಹಾಯುವಾಗ ಕಿರಣ ಪಕ್ಕಕ್ಕೆ ಎಷ್ಟು ದೂರ ಸರಿಯುತ್ತದೆ ಅಂತ ಅಳೆಯುವುದು ನಮ್ಮ ಕೆಲಸ. ಆದರೆ ಉತ್ತರ ಮಾತ್ರ ಮೇ ತಿಂಗಳಲ್ಲಿ ಬಂದದ್ದಕ್ಕಿಂತ ಶೇಕಡ 12 ಕಡಿಮೆ. ಎರಡು ದಿನ ಲೆಕ್ಕದಲ್ಲಿ ತಪ್ಪು ಹುಡುಕಿದೆವು. ಸಿಗಲಿಲ್ಲ.

ಮೂರನೇ ದಿನ ಸಂಜೆ ಲೈಟ್ ಆರಿಸಿದೆವು. ಪಂಪಿನ ಸದ್ದಿನ ನಡುವೆ ಕಿವಿಗೊಟ್ಟರೆ ಸಣ್ಣಗೆ ‘ಸ್ಸ್’ ಅನ್ನುವ ಸದ್ದು. ಕೇಬಲ್ ಒಳಹೋಗುವ ಫೀಡ್‌ಥ್ರೂನ ಬಿಳಿ ಸೆರಾಮಿಕ್ ಮೇಲೆ ತೆಳ್ಳಗೆ ತೇವ ಕೂತಿತ್ತು. ಅದರ ಬುಡದಲ್ಲಿ ನೇರಳೆ ಮಿಣುಕು. ಉಪ್ಪುಗಾಳಿ, ಧೂಳು, ತೇವ ಮೂರೂ ಸೇರಿ ಕರೆಂಟ್ ಸೋರಲು ದಾರಿ ಮಾಡಿಕೊಟ್ಟಿದ್ದವು. ಸೋರುತ್ತಿದ್ದದ್ದು ಬರೀ 15 ಮೈಕ್ರೋಆಂಪ್. ಆದರೆ ಸಪ್ಲೈಗೂ ಪ್ಲೇಟಿಗೂ ನಡುವೆ ರಕ್ಷಣೆಗೆಂದು 100 ಮೆಗಾಓಮ್‌ನ ರೆಸಿಸ್ಟರ್ ಇತ್ತು. 15 ಮೈಕ್ರೋಆಂಪ್ ಅದರಲ್ಲಿ ಹರಿದರೆ 1.5 ಕಿಲೋವೋಲ್ಟ್ ಅಲ್ಲೇ ಖರ್ಚು. ಪ್ಲೇಟಿಗೆ ಸಿಕ್ಕಿದ್ದು 23.5. ನಾವು ಅಳೆಯುವ ದೂರ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. 23.5 ಭಾಗಿಸು 25, ಅದರ ವರ್ಗ 0.88. ಶೇಕಡ 12 ಎಲ್ಲಿ ಹೋಯಿತು ಅಂತ ಗೊತ್ತಾಯಿತು, ಅಲ್ವಾ?

ಕರಾವಳಿಯ ಕಾಲೇಜುಗಳಲ್ಲಿ ಭೌತಶಾಸ್ತ್ರ ಎಂಎಸ್ಸಿ ಮಾಡುತ್ತಿರುವವರು, ಈಗಷ್ಟೇ ಪಿಎಚ್‌ಡಿಗೆ ಸೇರಿದವರು ಈ ಅಳತೆಯ ಬಗ್ಗೆ ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇದರಲ್ಲಿ ಮುಖ್ಯವಾಗಿ ಹೇಳಬೇಕಾದದ್ದು ಒಂದೇ. ಕಿರಣ ಎಷ್ಟು ಸರಿಯಿತು ಅಂತ ಮಾತ್ರ ನೋಡಬೇಡಿ, ಎಷ್ಟು ಹರಡಿತು ಅಂತಲೂ ನೋಡಿ. ಸರಿದ ದೂರವೊಂದನ್ನೇ ನಂಬಿದವರಿಗೆ ಪೋಲರೈಸಬಿಲಿಟಿ ಯಾವುದು, ಡೈಪೋಲ್ ಯಾವುದು ಅಂತ ಬೇರ್ಪಡಿಸಲು ಬರುವುದಿಲ್ಲ.

ಮೊದಲು, ಅಳೆಯುತ್ತಿರುವುದು ಏನನ್ನು?

ಕ್ಲಸ್ಟರ್ ಅಂದರೆ ಎರಡರಿಂದ ಹಿಡಿದು ಕೆಲವು ನೂರು ಪರಮಾಣುಗಳ ಗುಂಪು. ಅದನ್ನು ವಿದ್ಯುತ್ ಕ್ಷೇತ್ರದಲ್ಲಿ ಇಟ್ಟರೆ ಎಲೆಕ್ಟ್ರಾನ್‌ಗಳು ಒಂದು ಕಡೆಗೆ ಸ್ವಲ್ಪ ಜರುಗುತ್ತವೆ. ಎಷ್ಟು ಸುಲಭವಾಗಿ ಜರುಗುತ್ತವೆ ಅನ್ನುವುದೇ ಪೋಲರೈಸಬಿಲಿಟಿ. ಕ್ಷೇತ್ರ ಇಲ್ಲದಿದ್ದಾಗಲೂ ಒಂದು ತುದಿ ಧನ, ಇನ್ನೊಂದು ತುದಿ ಋಣ ಆಗಿದ್ದರೆ ಅದಕ್ಕೆ ಕಾಯಂ ಡೈಪೋಲ್ ಮೊಮೆಂಟ್ ಇದೆ ಅನ್ನುತ್ತೇವೆ.

ಪೋಲರೈಸಬಿಲಿಟಿಯನ್ನು ಘನ ಆಂಗ್‌ಸ್ಟ್ರಾಮ್‌ನಲ್ಲಿ ಹೇಳುವುದು ರೂಢಿ. ಗಾತ್ರದ ಮಾನ ಇಲ್ಲಿ ಯಾಕೆ ಬಂತು? ಲೋಹದ ಗೋಲವೊಂದರ ಪೋಲರೈಸಬಿಲಿಟಿ ಅದರ ತ್ರಿಜ್ಯದ ಘನಕ್ಕೆ ಸರಿಸಮ, ಅದಕ್ಕೆ. ಇದು ಬಹಳ ಉಪಯೋಗದ ಮಾತು. ಬಿಡಿ ಸೋಡಿಯಂ ಪರಮಾಣುವಿನ ಬೆಲೆ 24.11 ಘನ ಆಂಗ್‌ಸ್ಟ್ರಾಮ್. ಸೋಡಿಯಂ ಲೋಹದಲ್ಲಿ ಒಂದು ಪರಮಾಣುವಿನ ಪಾಲಿಗೆ ಬರುವ ತ್ರಿಜ್ಯ ಸುಮಾರು 2.08 ಆಂಗ್‌ಸ್ಟ್ರಾಮ್, ಅದರ ಘನ 9. ಹಾಗಾದರೆ ಸೋಡಿಯಂ ಕ್ಲಸ್ಟರಿನಲ್ಲಿ ಪ್ರತಿ ಪರಮಾಣುವಿನ ಬೆಲೆ 24ರಿಂದ ಶುರುವಾಗಿ, ಗಾತ್ರ ಹೆಚ್ಚಿದಂತೆ 9ರ ಕಡೆಗೆ ಇಳಿಯಬೇಕು. ನಿಮ್ಮ ಉತ್ತರ ಈ ಎರಡರ ನಡುವೆ ಬರದಿದ್ದರೆ ಕಾಗದ ಮಡಚಿಟ್ಟು ಉಪಕರಣ ನೋಡಿ. 1985ರಲ್ಲಿ ಬರ್ಕ್ಲಿಯಲ್ಲಿ ನೈಟ್, ಕ್ಲೆಮೆಂಜರ್, ಡಿ ಹೀರ್ ಮತ್ತು ಸಾಂಡರ್ಸ್ ಸೋಡಿಯಂ, ಪೊಟ್ಯಾಸಿಯಂ ಕ್ಲಸ್ಟರ್‌ಗಳಲ್ಲಿ ಕಂಡದ್ದೂ ಇದನ್ನೇ: ಬೆಲೆ ಲೋಹದ ಮಟ್ಟಕ್ಕಿಂತ ಮೇಲೆಯೇ ಇರುತ್ತದೆ. ಕಾರಣ, ಎಲೆಕ್ಟ್ರಾನ್‌ಗಳು ಅಂಚು ದಾಟಿ ಸ್ವಲ್ಪ ಹೊರಗೆ ಚೆಲ್ಲಿಕೊಂಡಿರುತ್ತವೆ.

ಡೈಪೋಲ್ ಮೊಮೆಂಟ್‌ಗೆ ಮಾನ ಡಿಬೈ. ನೀರಿನ ಅಣುವಿಗೆ 1.85 ಡಿಬೈ ಅನ್ನುವುದನ್ನು ನೆನಪಿನಲ್ಲಿಟ್ಟುಕೊಂಡರೆ ಅಂದಾಜಿಗೆ ಸಾಕು.

ಹೆಜ್ಜೆ 1: ತತ್ವವನ್ನು ಕೈಬೆರಳಲ್ಲಿ ಎಣಿಸುವಷ್ಟು ಗಟ್ಟಿ ಮಾಡಿಕೊಳ್ಳಿ

ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದೋಣಿಯಲ್ಲಿ ದಾಟಿದವರಿಗೆ ಗೊತ್ತು. ದೋಣಿ ನೇರ ಹೊರಟರೂ ಹೊಳೆಯ ಸೆಳೆತ ಅದನ್ನು ಪಕ್ಕಕ್ಕೆ ತಳ್ಳುತ್ತದೆ. ನಿಧಾನ ಹೋದರೆ ಜಾಸ್ತಿ ಸರಿಯುತ್ತದೆ. ನಮ್ಮ ಕ್ಲಸ್ಟರ್ ಕಿರಣದ್ದೂ ಇದೇ ಕಥೆ. ಒಂದು ವ್ಯತ್ಯಾಸ ಇದೆ. ದೋಣಿ ಸೆಳೆತದ ವೇಗದಲ್ಲಿ ತೇಲಿ ಹೋಗುತ್ತದೆ, ಹಾಗಾಗಿ ಎರಡು ಪಟ್ಟು ನಿಧಾನವಾದರೆ ಎರಡು ಪಟ್ಟು ಸರಿಯುತ್ತದೆ. ಕ್ಲಸ್ಟರ್ ಮೇಲೆ ಇರುವುದು ಬಲ, ಅದು ಪಕ್ಕದ ವೇಗವನ್ನು ಕೂಡಿಸುತ್ತಾ ಹೋಗುತ್ತದೆ. ಎರಡು ಪಟ್ಟು ನಿಧಾನವಾದರೆ ನಾಲ್ಕು ಪಟ್ಟು ಸರಿಯುತ್ತದೆ.

ಇನ್ನೊಂದು ಮಾತು, ಇದರಲ್ಲಿ ತುಂಬ ಜನ ಎಡವುತ್ತಾರೆ. ಸಮಾನ ಕ್ಷೇತ್ರ ಎಷ್ಟು ಜೋರಿದ್ದರೂ ಕ್ಲಸ್ಟರನ್ನು ಪಕ್ಕಕ್ಕೆ ಎಳೆಯುವುದಿಲ್ಲ. ಧನ ತುದಿಯನ್ನು ಒಂದು ಕಡೆ, ಋಣ ತುದಿಯನ್ನು ಇನ್ನೊಂದು ಕಡೆ ಸಮಸಮವಾಗಿ ಎಳೆದು ಸುಮ್ನೆ ಬಿಡುತ್ತದೆ. ಕ್ಷೇತ್ರ ಒಂದು ಕಡೆ ಜೋರು, ಇನ್ನೊಂದು ಕಡೆ ಮಂದ ಇರಬೇಕು. ಆ ಇಳಿಜಾರಿಗೇ ಗ್ರೇಡಿಯೆಂಟ್ ಅನ್ನುವುದು.

ಲೆಕ್ಕ ಇಷ್ಟೇ:

ಸರಿದ ದೂರ = (ಪೋಲರೈಸಬಿಲಿಟಿ × ಕ್ಷೇತ್ರ × ಗ್ರೇಡಿಯೆಂಟ್ × ಉದ್ದದ ಅಂಶ) ÷ (ದ್ರವ್ಯರಾಶಿ × ವೇಗದ ವರ್ಗ)

ಉದ್ದದ ಅಂಶ = ಪ್ಲೇಟಿನ ಉದ್ದದ ವರ್ಗದ ಅರ್ಧ + (ಪ್ಲೇಟಿನ ಉದ್ದ × ಪ್ಲೇಟಿನಿಂದ ಡಿಟೆಕ್ಟರ್‌ವರೆಗಿನ ದೂರ).

ಕ್ಷೇತ್ರ, ಗ್ರೇಡಿಯೆಂಟ್ ಎರಡೂ ವೋಲ್ಟೇಜಿಗೆ ತಕ್ಕಂತೆ ಏರುತ್ತವೆ, ಮೊದಲು ಹೇಳಿದ ವೋಲ್ಟೇಜಿನ ವರ್ಗ ಬಂದದ್ದು ಹೀಗೆ. ಈಗ ಒಂದು ಉದಾಹರಣೆಯನ್ನು ನಿಮ್ಮ ಕ್ಯಾಲ್ಕುಲೇಟರಿನಲ್ಲೇ ಮಾಡಿ ನೋಡಿ. ಪ್ಲೇಟ್ 15 ಸೆಂಟಿಮೀಟರ್, ಆಮೇಲಿನ ದೂರ 1 ಮೀಟರ್. ಉದ್ದದ ಅಂಶ 0.161 ಚದರ ಮೀಟರ್. ಕ್ಷೇತ್ರ ಮೀಟರಿಗೆ 1.5 ಕೋಟಿ ವೋಲ್ಟ್. ಗ್ರೇಡಿಯೆಂಟ್ ಚದರ ಮೀಟರಿಗೆ 2.5 × 10⁹ ವೋಲ್ಟ್. ಅರುವತ್ತು ಕಾರ್ಬನ್‌ಗಳ ಫುಲರೀನ್, ಅಂದರೆ ಸಿ60 ತೆಗೆದುಕೊಳ್ಳಿ. 1999ರಲ್ಲಿ ಫ್ರಾನ್ಸ್‌ನ ಲಿಯಾನ್ ಗುಂಪು ಇದೇ ವಿಧಾನದಲ್ಲಿ ಅದರ ಬೆಲೆ 76.5 ಘನ ಆಂಗ್‌ಸ್ಟ್ರಾಮ್ ಅಂತ ಅಳೆಯಿತು. ಎಸ್‌ಐ ಮಾನಕ್ಕೆ ತರಲು 1.11265 × 10⁻⁴⁰ರಿಂದ ಗುಣಿಸಿ. ದ್ರವ್ಯರಾಶಿ 720 ಪರಮಾಣು ದ್ರವ್ಯರಾಶಿ ಮಾನ (u). ವೇಗ ಸೆಕೆಂಡಿಗೆ 1000 ಮೀಟರ್ ಆದರೆ ಸರಿದ ದೂರ 43 ಮೈಕ್ರೋಮೀಟರ್. ಒಂದು ಕೂದಲಿನ ದಪ್ಪಕ್ಕಿಂತಲೂ ಕಡಿಮೆ, ಮಾರಾಯ್ರೆ! ಅದೇ ಜಾಗದಲ್ಲಿ ಸೋಡಿಯಂ ಪರಮಾಣು ಹಾಕಿದರೆ 0.42 ಮಿಲಿಮೀಟರ್, ಹತ್ತು ಪಟ್ಟು. ಸಿ60 ಕಿರಣವನ್ನು ತಣಿಸಿ ವೇಗ 600ಕ್ಕೆ ಇಳಿಸಿದರೆ 43 ಇದ್ದದ್ದು 120 ಮೈಕ್ರೋಮೀಟರ್ ಆಗುತ್ತದೆ.

ಹೆಜ್ಜೆ 2: ಕಿರಣ ಹುಟ್ಟಿಸುವುದು

ಸೋಡಿಯಂನಂಥ ಬೇಗ ಆವಿಯಾಗುವ ಲೋಹಕ್ಕೆ ಕಾದ ಕುಲುಮೆ ಸಾಕು. ಆವಿಗೆ ಆರ್ಗಾನ್ ಬೆರೆಸಿ ಸಣ್ಣ ನಾಝಲ್‌ನಿಂದ ನಿರ್ವಾತಕ್ಕೆ ಬಿಡುತ್ತಾರೆ. ಹಿಗ್ಗುವಾಗ ಅನಿಲ ತಣ್ಣಗಾಗಿ ಪರಮಾಣುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನಿಯೋಬಿಯಂ, ಸಿಲಿಕಾನ್, ತವರದಂಥವಕ್ಕೆ ಲೇಸರ್ ಬೇಕು. ತಿರುಗುತ್ತಾ ಮೇಲೆ ಕೆಳಗೆ ಜರುಗುವ ಸರಳಿನ ಮೇಲೆ 532 ನ್ಯಾನೋಮೀಟರಿನ ಲೇಸರ್ ಬಡಿಸಿ, ಅದೇ ಹೊತ್ತಿಗೆ ಹೀಲಿಯಂ ಚಿಮ್ಮಿಸುತ್ತಾರೆ. ಸರಳು ತಿರುಗದೆ ನಿಂತರೆ ಲೇಸರ್ ಒಂದೇ ಕಡೆ ಗುಂಡಿ ತೋಡುತ್ತದೆ, ಕ್ಲಸ್ಟರ್‌ಗಳ ಸಂಖ್ಯೆ ಏರುಪೇರಾಗುತ್ತದೆ. ಮೋಟರಿನ ಸದ್ದಿನ ಮೇಲೆ ಒಂದು ಕಿವಿ ಇರಲಿ.

ನಾಝಲ್‌ಗೆ ತಣಿಸುವ ವ್ಯವಸ್ಥೆ ಇದ್ದರೆ ಬಹಳ ಒಳ್ಳೆಯದು. ಕ್ಲಸ್ಟರ್‌ಗಳು ನಾಝಲ್‌ನೊಳಗೆ ಹೀಲಿಯಂ ಜೊತೆ ಸಾಕಷ್ಟು ಹೊತ್ತು ಇದ್ದು ಅದರ ತಾಪಕ್ಕೆ ಬರಬೇಕು. ತಾಪ ಗೊತ್ತಿಲ್ಲದ ಕಿರಣದಿಂದ ಡೈಪೋಲ್ ಮೊಮೆಂಟ್ ತೆಗೆಯಲು ಆಗುವುದಿಲ್ಲ. ಯಾಕೆ ಅಂತ ಹೆಜ್ಜೆ 6ರಲ್ಲಿ ಬರುತ್ತದೆ.

ನಾಝಲ್ ದಾಟಿದ ಮೇಲೆ ಕಿರಣದ ನಡುಭಾಗವನ್ನು ಮಾತ್ರ ಮುಂದೆ ಬಿಡುವ ಸ್ಕಿಮ್ಮರ್, ಆಮೇಲೆ ಎರಡು ಸೀಳುಗಂಡಿಗಳು. ಅಗಲ 0.4 ಮಿಲಿಮೀಟರ್ ಆಸುಪಾಸು. ಎಲ್ಲವನ್ನೂ ಸಣ್ಣ ಕೆಂಪು ಲೇಸರ್ ಹಾಯಿಸಿ ಒಂದೇ ಗೆರೆಗೆ ತನ್ನಿ. ಈ ಕೆಲಸಕ್ಕೆ ಅರ್ಧ ದಿನ ಕೊಡಿ, ಅವಸರ ಬೇಡ.

ಹೆಜ್ಜೆ 3: ಡಿಫ್ಲೆಕ್ಟರ್ ಮತ್ತು ನಮ್ಮ ಮಳೆಗಾಲ

ಡಿಫ್ಲೆಕ್ಟರ್ ಅಂದರೆ ಎರಡು ಲೋಹದ ಪ್ಲೇಟುಗಳು. ಒಂದರ ಮೈ ಉಬ್ಬು, ಇನ್ನೊಂದರದ್ದು ತಗ್ಗು. ನಡುವೆ ಒಂದೆರಡು ಮಿಲಿಮೀಟರ್ ಸಂದು. ಎರಡು ಸಮಾನಾಂತರ ತಂತಿಗಳು ಉಂಟುಮಾಡುವಂಥ ಕ್ಷೇತ್ರವನ್ನೇ ಈ ಆಕಾರ ಕೊಡುತ್ತದೆ. ಅಣು ಕಿರಣಗಳ ಪ್ರಯೋಗ ಮಾಡಿದ ಭೌತವಿಜ್ಞಾನಿ ರಾಬಿಯ ಕಾಲದಿಂದ ಬಂದ ಉಪಾಯ ಇದು. ಇದರ ಗುಣ ಏನೆಂದರೆ ಕಿರಣ ಹಾಯುವ ಜಾಗದಲ್ಲೆಲ್ಲ ಕ್ಷೇತ್ರ ಮತ್ತು ಗ್ರೇಡಿಯೆಂಟ್ ಹೆಚ್ಚುಕಮ್ಮಿ ಒಂದೇ ಆಗಿರುತ್ತವೆ.

ಪ್ಲೇಟುಗಳನ್ನು ಕನ್ನಡಿಯಂತೆ ಪಾಲಿಶ್ ಮಾಡಿಸಿ. ಅಂಚು ಚೂಪಿರಬಾರದು. ವೋಲ್ಟೇಜನ್ನು ಒಂದೇ ಸಲ ಏರಿಸಬೇಡಿ. ದಿನಕ್ಕೆ ಕೆಲವು ಕಿಲೋವೋಲ್ಟಿನಂತೆ ಏರಿಸಿ, ಕಿಡಿ ಹಾರುವುದು ನಿಂತ ಮೇಲೆ ಮುಂದೆ ಹೋಗಿ.

ನಮ್ಮ ಊರಿನಲ್ಲಿ ಇದನ್ನು ಕಟ್ಟುವವರಿಗೆ ನಾಲ್ಕು ಮಾತು, ಅನುಭವದಿಂದ. ಫೀಡ್‌ಥ್ರೂ ಹೊರಮೈಯನ್ನು ಪ್ರತಿ ಸೋಮವಾರ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ. ಅದರ ಸುತ್ತ ಅಕ್ರಿಲಿಕ್ ಡಬ್ಬಿ ಕಟ್ಟಿ ಒಣ ನೈಟ್ರೋಜನ್ ಹರಿಸಿ. ನಮ್ಮ ತೊಂದರೆ ನಿಂತದ್ದು ಹೀಗೆಯೇ. ಛೇಂಬರ್ ತೆರೆಯಬೇಕಾದರೆ ಗಾಳಿ ಬಿಡಬೇಡಿ, ಒಣ ನೈಟ್ರೋಜನ್ ಬಿಡಿ. ಜುಲೈಯ ಗಾಳಿ ಒಳಗೆ ಹೊಕ್ಕರೆ ಗೋಡೆಗೆ ಅಂಟಿದ ನೀರು ಪಂಪಿಗೆ ಬರಲು ದಿನಗಟ್ಟಲೆ ಬೇಕು. ಸಪ್ಲೈ ಮೀಟರನ್ನು ನಂಬಬೇಡಿ, ಸೋರುವ ಕರೆಂಟನ್ನೂ ಬರೆದಿಟ್ಟುಕೊಳ್ಳಿ, ಸಾಧ್ಯವಾದರೆ ಪ್ಲೇಟಿನ ಬಳಿಯ ವೋಲ್ಟೇಜನ್ನೇ ಹೈ ವೋಲ್ಟೇಜ್ ಪ್ರೋಬಿನಿಂದ ಅಳೆಯಿರಿ. ಮೇ ತಿಂಗಳ ಸಂಜೆ ಸಿಡಿಲು ಶುರುವಾದರೆ ಸಪ್ಲೈಯ ಪ್ಲಗ್ ಎಳೆದು ಮನೆಗೆ ಹೋಗಿ.

25 ಕಿಲೋವೋಲ್ಟ್ ಜೀವ ತೆಗೆಯುತ್ತದೆ. ಆಫ್ ಮಾಡಿದ ಮೇಲೂ ಪ್ಲೇಟಿನಲ್ಲಿ ಚಾರ್ಜ್ ಉಳಿದಿರುತ್ತದೆ. ಅರ್ತಿಂಗ್ ಕೋಲು ಮುಟ್ಟಿಸದೆ ಯಾರೂ ಕೈ ಹಾಕಬಾರದು, ಒಬ್ಬರೇ ಇರುವಾಗಲಂತೂ ಬೇಡವೇ ಬೇಡ. ಸೋಡಿಯಂ ನೀರಿಗೆ ತಾಗಿದರೆ ಹೊತ್ತಿಕೊಳ್ಳುತ್ತದೆ. ಛತ್ರಿ, ಒದ್ದೆ ಕೈ, ಸೋಡಿಯಂ ಒಂದೇ ಕೋಣೆಯಲ್ಲಿ ಇರುವುದು ಬೇಡ.

ಹೆಜ್ಜೆ 4: ಪತ್ತೆ ಹಚ್ಚುವುದು

ಕಿರಣದಲ್ಲಿ ಎಲ್ಲ ಗಾತ್ರದ ಕ್ಲಸ್ಟರ್‌ಗಳೂ ಬೆರೆತಿರುತ್ತವೆ. ಅವನ್ನು ಲೇಸರಿನಿಂದ ಅಯಾನು ಮಾಡಿ, ಟೈಮ್ ಆಫ್ ಫ್ಲೈಟ್ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ತೂಕದ ಪ್ರಕಾರ ಬೇರೆ ಮಾಡುತ್ತೇವೆ. ಎಲ್ಲಿ ಬಿತ್ತು ಅಂತ ತಿಳಿಯಲು ಎರಡು ದಾರಿ. ಮುಂದೆ ಒಂದು ಸಣ್ಣ ಸೀಳುಗಂಡಿ ಇಟ್ಟು, ಅದನ್ನು 50 ಮೈಕ್ರೋಮೀಟರಿನಂತೆ ಜರುಗಿಸುತ್ತಾ ಎಣಿಸುವುದು ಒಂದು. ಅಯಾನು ಹುಟ್ಟಿದ ಜಾಗ ಅದು ತಲುಪುವ ಸಮಯದಲ್ಲೇ ಗೊತ್ತಾಗುವಂತೆ ಸ್ಪೆಕ್ಟ್ರೋಮೀಟರಿನ ವೋಲ್ಟೇಜುಗಳನ್ನು ಹೊಂದಿಸುವುದು ಇನ್ನೊಂದು. ಎರಡನೆಯದು ಬೇಗ, ಆದರೆ ಹೊಂದಿಸುವುದು ಕಷ್ಟ. ಹೊಸಬರಿಗೆ ನಾನು ಮೊದಲನೆಯದನ್ನೇ ಹೇಳುತ್ತೇನೆ.

ಲೇಸರಿನ ತೀವ್ರತೆ ಕಡಿಮೆ ಇರಲಿ. ಒಂದೇ ಫೋಟಾನಿನಲ್ಲಿ ಅಯಾನು ಆಗಬೇಕು. ತೀವ್ರತೆ ಜಾಸ್ತಿಯಾದರೆ ದೊಡ್ಡ ಕ್ಲಸ್ಟರ್ ಒಡೆದು ಚಿಕ್ಕದಾಗಿ ಕಾಣುತ್ತದೆ. ಸರಿದದ್ದು ಇಪ್ಪತ್ತು ಪರಮಾಣುಗಳದ್ದು, ನೀವು ಬರೆದುಕೊಳ್ಳುವುದು ಹತ್ತೊಂಬತ್ತರ ಹೆಸರಲ್ಲಿ. ತೀವ್ರತೆಯನ್ನು ಅರ್ಧಕ್ಕೆ ಇಳಿಸಿ ಮತ್ತೆ ಅಳೆಯಿರಿ. ಉತ್ತರ ಬದಲಾಗದಿದ್ದರೆ ಮುಂದೆ ಹೋಗಿ.

ಬರೀ ಸೋಡಿಯಂ ಪರಮಾಣುವಿನಲ್ಲಿ ಕೈ ಪಳಗಿಸಿಕೊಳ್ಳುವವರಿಗೆ ಲೇಸರೂ ಬೇಡ. ಕಾದ ರೀನಿಯಂ ತಂತಿಗೆ ಬಡಿದ ಸೋಡಿಯಂ ತಾನಾಗಿಯೇ ಅಯಾನು ಆಗುತ್ತದೆ. ನಮ್ಮ ಬೆಂಚಿನಲ್ಲಿ ಇರುವುದು ಅದೇ.

ಹೆಜ್ಜೆ 5: ವೇಗ, ಕ್ಯಾಲಿಬ್ರೇಶನ್, ಎಣಿಕೆ

ವೇಗ ವರ್ಗದಲ್ಲಿ ಬರುತ್ತದೆ ಅಂತ ಆಗಲೇ ನೋಡಿದೆವು. ವೇಗದಲ್ಲಿ ಶೇಕಡ 5 ತಪ್ಪಿದರೆ ಉತ್ತರದಲ್ಲಿ ಶೇಕಡ 10 ತಪ್ಪು. ಕಿರಣದ ದಾರಿಯಲ್ಲಿ ಸೀಳಿರುವ ಚಕ್ರವೊಂದನ್ನು ತಿರುಗಿಸಿ, ಅದು ತೆರೆದ ಕ್ಷಣಕ್ಕೂ ಲೇಸರ್ ಹೊಡೆದ ಕ್ಷಣಕ್ಕೂ ನಡುವಿನ ಹೊತ್ತನ್ನು ಅಳೆಯಿರಿ. 2 ಮೀಟರ್ ದಾರಿಗೆ 2 ಮಿಲಿಸೆಕೆಂಡ್ ಹಿಡಿದರೆ, 20 ಮೈಕ್ರೋಸೆಕೆಂಡಿನ ತಪ್ಪು ವೇಗದಲ್ಲಿ ಶೇಕಡ 1. ಪ್ರತಿ ಗಾತ್ರದ ಕ್ಲಸ್ಟರಿಗೂ ಬೇರೆ ಬೇರೆಯಾಗಿ ಅಳೆಯಿರಿ, ದೊಡ್ಡವು ಸ್ವಲ್ಪ ನಿಧಾನವಾಗಿ ಹೋಗುವುದುಂಟು.

ಕ್ಷೇತ್ರ ಮತ್ತು ಗ್ರೇಡಿಯೆಂಟನ್ನು ಪ್ಲೇಟಿನ ಅಳತೆಯಿಂದ ಲೆಕ್ಕ ಹಾಕಬಹುದು, ಆದರೆ ಸಂದಿನಲ್ಲಿ ಸ್ವಲ್ಪ ವ್ಯತ್ಯಾಸ ಬಂದರೂ ಲೆಕ್ಕ ಹಳ್ಳ ಹಿಡಿಯುತ್ತದೆ. ಗೊತ್ತಿರುವ ಪರಮಾಣುವನ್ನು ಹಾಯಿಸಿ ನೋಡುವುದೇ ಸರಿ. ಸೋಡಿಯಂನ 24.11 ಅನ್ನುವ ಬೆಲೆಯನ್ನು 1995ರಲ್ಲಿ ಅಮೆರಿಕದ ಎಂಐಟಿಯಲ್ಲಿ ಪರಮಾಣು ಇಂಟರ್‌ಫೆರೊಮೀಟರಿನಿಂದ ಅಳೆದರು. ತಪ್ಪಿನ ಅಂದಾಜು ಬಹಳ ಸಣ್ಣದು. ನಿಮ್ಮ ಉಪಕರಣದಲ್ಲಿ ಸೋಡಿಯಂ ಎಷ್ಟು ಸರಿಯುತ್ತದೆ ಅಂತ ನೋಡಿ, ಉಳಿದದ್ದಕ್ಕೆಲ್ಲ ಅದೇ ಅಳತೆಗೋಲು.

ವೋಲ್ಟೇಜ್ ಇರುವಾಗ, ಇಲ್ಲದಿರುವಾಗ ಅಂತ ಕೆಲವು ನೂರು ಹೊಡೆತಗಳಿಗೊಮ್ಮೆ ಬದಲಾಯಿಸುತ್ತಾ ಹೋಗಿ. ಬೆಳಗ್ಗೆಯೆಲ್ಲ ಆಫ್, ಮಧ್ಯಾಹ್ನವೆಲ್ಲ ಆನ್ ಅಂತ ಮಾಡಿದರೆ ಕೋಣೆಯ ಬಿಸಿಗೆ ಛೇಂಬರ್ ಹಿಗ್ಗಿದ್ದೂ ನಿಮ್ಮ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ.

ಎಷ್ಟು ಎಣಿಸಬೇಕು? ಕಿರಣದ ಹರವು, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಶನ್, 170 ಮೈಕ್ರೋಮೀಟರ್ ಇದೆ ಅನ್ನಿ. ಆನ್‌ನಲ್ಲಿ 10,000, ಆಫ್‌ನಲ್ಲಿ 10,000 ಅಯಾನು ಎಣಿಸಿದರೆ ಸರಿದ ದೂರದಲ್ಲಿ 2.4 ಮೈಕ್ರೋಮೀಟರ್ ಅನುಮಾನ ಉಳಿಯುತ್ತದೆ. ಸಿ60ಯ 43ಕ್ಕೆ ಹೋಲಿಸಿದರೆ ಶೇಕಡ 5ಕ್ಕಿಂತ ಜಾಸ್ತಿ. ಶೇಕಡ 1ಕ್ಕೆ ಇಳಿಸಬೇಕಾದರೆ ಎರಡೂ ಕಡೆ ಸುಮಾರು 3 ಲಕ್ಷ ಬೇಕು. ರಾತ್ರಿ ಕೂರಬೇಕಾಗುತ್ತದೆ.

ಕೊನೆಗೆ ವೋಲ್ಟೇಜಿನ ವರ್ಗಕ್ಕೆ ಎದುರಾಗಿ ಸರಿದ ದೂರದ ಗ್ರಾಫ್ ಹಾಕಿ. ಸೊನ್ನೆಯಿಂದ ಹೊರಟ ನೇರ ಗೆರೆ ಬರಬೇಕು. ಜೂನ್‌ನಲ್ಲಿ ನಾವು ಈ ಗ್ರಾಫನ್ನು ಮೊದಲ ದಿನವೇ ಹಾಕಿದ್ದರೆ, ವೋಲ್ಟೇಜ್ ಏರಿದಂತೆ ಸೋರಿಕೆ ಏರಿ ಗೆರೆ ಕೆಳಗೆ ಬಾಗಿದ್ದು ಕಣ್ಣಿಗೆ ಬೀಳುತ್ತಿತ್ತು.

ಹೆಜ್ಜೆ 6: ಡೈಪೋಲ್ ಬೇರ್ಪಡಿಸುವುದು

ಇಲ್ಲಿ ನಿಧಾನವಾಗಿ ಓದಿ. ಮೇಲಿನ ಕ್ಷೇತ್ರದಲ್ಲಿ ಸಿ60 ಮೇಲಿನ ಬಲ 3.2 × 10⁻²² ನ್ಯೂಟನ್. ಅದೇ ಜಾಗದಲ್ಲಿ 1 ಡಿಬೈ ಡೈಪೋಲ್ ಕ್ಷೇತ್ರದ ದಿಕ್ಕಿಗೇ ನೆಟ್ಟಗೆ ನಿಂತರೆ ಬಲ 8.3 × 10⁻²¹ ನ್ಯೂಟನ್. 26 ಪಟ್ಟು! ಆದರೆ ಕ್ಲಸ್ಟರ್ ತಿರುಗುತ್ತಾ ಇರುತ್ತದೆ, ಹಾಗಾಗಿ ಇದರ ಸ್ವಲ್ಪ ಭಾಗ ಮಾತ್ರ ಉಳಿಯುತ್ತದೆ. ಎಷ್ಟು, ಹೇಗೆ ಉಳಿಯುತ್ತದೆ ಅನ್ನುವುದರಲ್ಲಿ ಎರಡು ಬಗೆ.

ಬಿಸಿಯಾದ, ಮೈ ಸಡಿಲವಿರುವ ಕ್ಲಸ್ಟರಿನಲ್ಲಿ ಡೈಪೋಲ್ ಗಳಿಗೆಗೊಂದು ದಿಕ್ಕಿಗೆ ತಿರುಗುತ್ತದೆ. ಎಲ್ಲ ಕ್ಲಸ್ಟರ್‌ಗಳಿಗೂ ಒಂದೇ ಸರಾಸರಿ ಸಿಗುತ್ತದೆ. ಕಿರಣದ ಗೆರೆ, ಅಂದರೆ ಯಾವ ಜಾಗದಲ್ಲಿ ಎಷ್ಟು ಎಣಿಕೆ ಬಂತು ಅಂತ ತೋರಿಸುವ ಗೆರೆ, ಆಕಾರ ಕೆಡದೆ, ಇದ್ದ ಹಾಗೆಯೇ ಪಕ್ಕಕ್ಕೆ ಸರಿಯುತ್ತದೆ. ಆಗ ಡೈಪೋಲ್ ಮೊಮೆಂಟಿನ ವರ್ಗವನ್ನು ಬೋಲ್ಟ್ಸ್‌ಮನ್ ಸ್ಥಿರಾಂಕ ಮತ್ತು ತಾಪದ ಗುಣಲಬ್ಧದ 3 ಪಟ್ಟಿನಿಂದ ಭಾಗಿಸಿದರೆ ಬರುವಷ್ಟು ಪೋಲರೈಸಬಿಲಿಟಿಗೆ ಸೇರಿಕೊಳ್ಳುತ್ತದೆ. 300 ಕೆಲ್ವಿನ್‌ನಲ್ಲಿ 1 ಡಿಬೈ 8 ಘನ ಆಂಗ್‌ಸ್ಟ್ರಾಮ್ ಸೇರಿಸುತ್ತದೆ. 50 ಕೆಲ್ವಿನ್‌ನಲ್ಲಿ ಅದೇ 1 ಡಿಬೈ 48 ಸೇರಿಸುತ್ತದೆ. ಹಾಗಾಗಿ ಎರಡು ಮೂರು ತಾಪಗಳಲ್ಲಿ ಅಳೆದು, ತಾಪದ ವಿಲೋಮಕ್ಕೆ ಎದುರಾಗಿ ಗ್ರಾಫ್ ಹಾಕಿ. ಈ ಗ್ರಾಫಿನ ಓರೆಯಿಂದ ಡೈಪೋಲ್, ಅದು ಅಕ್ಷವನ್ನು ಕಡಿಯುವ ಜಾಗದಿಂದ ಪೋಲರೈಸಬಿಲಿಟಿ. ಲಿಯಾನ್ ಗುಂಪು ಸಿ60ಗೆ ಒಂದು ಸೋಡಿಯಂ ಅಂಟಿಸಿ ಅಳೆದಾಗ ಸಿಕ್ಕಿದ್ದು ಇದೇ ಬಗೆ. ಡೈಪೋಲ್ ಹತ್ತು ಡಿಬೈಗಿಂತ ಜಾಸ್ತಿ, ಆದರೂ ಗೆರೆ ಹರಡಲಿಲ್ಲ. ಸೋಡಿಯಂ ಆ ಚೆಂಡಿನ ಮೈಮೇಲೆ ಜಾರಾಡುತ್ತಿತ್ತು.

ತಣ್ಣಗಿರುವ ಗಟ್ಟಿ ಕ್ಲಸ್ಟರ್ ಹಾಗಲ್ಲ. ಅದು ಬುಗುರಿಯಂತೆ ತಿರುಗುತ್ತದೆ. ಯಾವ ಅಕ್ಷದ ಸುತ್ತ ತಿರುಗುತ್ತಿದೆ ಅನ್ನುವುದರ ಮೇಲೆ ಕೆಲವು ಈ ಕಡೆ, ಕೆಲವು ಆ ಕಡೆ ಎಳೆಯಲ್ಪಡುತ್ತವೆ. ಗೆರೆ ಎರಡೂ ಬದಿಗೆ ಹರಡುತ್ತದೆ, ನಡುವಿನ ಎತ್ತರ ಕುಸಿಯುತ್ತದೆ. ಈ ಹರಡುವಿಕೆ ವೋಲ್ಟೇಜಿಗೆ ತಕ್ಕಂತೆ, ಸರಾಸರಿ ಸರಿಯುವುದು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ. ಎರಡನ್ನೂ ಬೇರೆ ಬೇರೆ ಗ್ರಾಫ್ ಹಾಕಿ. ಗೋಲದಂಥ ಗಟ್ಟಿ ಕ್ಲಸ್ಟರ್ ನಿಧಾನವಾಗಿ ಕ್ಷೇತ್ರದೊಳಗೆ ಹೊಕ್ಕಾಗ, ಮೇಲೆ ಹೇಳಿದ 3ರಲ್ಲಿ 1 ಭಾಗದ ಜಾಗಕ್ಕೆ 9ರಲ್ಲಿ 2 ಭಾಗ ಬರುತ್ತದೆ. ಯಾವ ಸೂತ್ರ ಅಂತ ನೋಡದೆ ಹಾಕಿದರೆ ಡೈಪೋಲ್ ಮೊಮೆಂಟಿನಲ್ಲಿ ಶೇಕಡ 20ರ ಆಸುಪಾಸು ತಪ್ಪು. ಸೂತ್ರ ಆರಿಸುವ ಮೊದಲು ಗೆರೆಯ ಆಕಾರ ನೋಡಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ತಾಪದ ಮಹತ್ವಕ್ಕೆ ನಿಯೋಬಿಯಂಗಿಂತ ಒಳ್ಳೆಯ ಉದಾಹರಣೆ ಇಲ್ಲ. ಕೋಣೆಯ ತಾಪದಲ್ಲಿ ಅದರ ಕ್ಲಸ್ಟರ್‌ಗಳು ಸಾಮಾನ್ಯ ಲೋಹದಂತೆ ಸರಿಯುತ್ತವೆ. 20 ಕೆಲ್ವಿನ್ ಹತ್ತಿರಕ್ಕೆ ತಣಿಸಿದಾಗ ದೊಡ್ಡ ಡೈಪೋಲ್ ಕಾಣಿಸಿಕೊಂಡಿತು. ಡಿ ಹೀರ್ ಗುಂಪು 2003ರಲ್ಲಿ ಇದನ್ನು ಪ್ರಕಟಿಸಿತು. ಲೋಹದೊಳಗೆ ಕಾಯಂ ಡೈಪೋಲ್ ಉಳಿಯುವುದೇ ಆಶ್ಚರ್ಯ. ಅದೇ ಗುಂಪು 2011ರಲ್ಲಿ ಸೋಡಿಯಂ ಕ್ಲಸ್ಟರ್‌ಗಳನ್ನು ಅಷ್ಟೇ ತಣ್ಣಗೆ ಮಾಡಿ ಹುಡುಕಿತು. ಅಲ್ಲಿ ಡೈಪೋಲ್ ಇಲ್ಲವೆನ್ನುವಷ್ಟು ಸಣ್ಣದು. ಈ ಎರಡು ಫಲಿತಾಂಶಗಳನ್ನು ಅಕ್ಕಪಕ್ಕ ಇಟ್ಟು ನೋಡುವುದೆಂದರೆ ನನಗೆ ಇವತ್ತಿಗೂ ಖುಷಿ.

ಹೆಜ್ಜೆ 7: ಲ್ಯಾಪ್‌ಟಾಪಿನಲ್ಲಿ ಹೋಲಿಸಿ ನೋಡುವುದು

ಉಪಕರಣ ಇಲ್ಲದವರು ಇಲ್ಲಿಂದಲೇ ಶುರು ಮಾಡಬಹುದು. ಪೈಎಸ್‌ಸಿಎಫ್, ಸೈ4ನಂಥ ಉಚಿತ ಸಾಫ್ಟ್‌ವೇರುಗಳಿವೆ. ಕ್ಲಸ್ಟರಿಗೆ 0.001 ಪರಮಾಣು ಮಾನದ (ಅಟಾಮಿಕ್ ಯೂನಿಟ್) ಕ್ಷೇತ್ರವನ್ನು ಒಮ್ಮೆ ಈ ದಿಕ್ಕಿಗೆ, ಒಮ್ಮೆ ಎದುರು ದಿಕ್ಕಿಗೆ ಕೊಡಿ. ಎರಡು ಡೈಪೋಲ್‌ಗಳ ವ್ಯತ್ಯಾಸವನ್ನು ಕ್ಷೇತ್ರದ ಎರಡು ಪಟ್ಟಿನಿಂದ ಭಾಗಿಸಿದರೆ ಆ ದಿಕ್ಕಿನ ಪೋಲರೈಸಬಿಲಿಟಿ. ಮೂರು ದಿಕ್ಕಿನ ಸರಾಸರಿ ತೆಗೆದು 0.1482ರಿಂದ ಗುಣಿಸಿದರೆ ಘನ ಆಂಗ್‌ಸ್ಟ್ರಾಮ್. ಮೊದಲು ನೀರಿನ ಅಣುವಿನಲ್ಲಿ ಮಾಡಿ, 1.45ರ ಹತ್ತಿರ ಬರಬೇಕು. ತುಂಬಾ ಕಡಿಮೆ ಬಂದರೆ ಬೇಸಿಸ್ ಸೆಟ್‌ನಲ್ಲಿ (ಎಲೆಕ್ಟ್ರಾನ್‌ಗಳನ್ನು ವಿವರಿಸಲು ಸಾಫ್ಟ್‌ವೇರ್ ಬಳಸುವ ಫಂಕ್ಷನ್‌ಗಳ ಗುಂಪು) ದೂರಕ್ಕೆ ಚಾಚುವ ಡಿಫ್ಯೂಸ್ ಫಂಕ್ಷನ್‌ಗಳು ಸೇರಿಲ್ಲ ಅಂತ ಅರ್ಥ.

ಒಂದೇ ಗಾತ್ರದ ಕ್ಲಸ್ಟರಿಗೆ ಎರಡು ಮೂರು ಆಕಾರಗಳು ಸಾಧ್ಯವಿದ್ದಾಗ ಈ ಹೋಲಿಕೆಗೆ ಬೆಲೆ ಬರುತ್ತದೆ. ಪ್ರತಿ ಆಕಾರಕ್ಕೂ ಡೈಪೋಲ್ ಲೆಕ್ಕ ಹಾಕಿ, ಅದು ತಿರುಗುತ್ತಾ ಹಾದು ಹೋದರೆ ಗೆರೆ ಹೇಗೆ ಹರಡಬೇಕು ಅಂತ ಬಿಡಿಸಿ, ಅಳೆದ ಗೆರೆಯ ಮೇಲೆ ಇಡಿ. ಜರ್ಮನಿಯ ಡಾರ್ಮ್‌ಶ್ಟಾಟ್‌ನಲ್ಲಿ ಶೇಫರ್ ಗುಂಪು ತವರ, ಸೀಸದಂಥ ಕ್ಲಸ್ಟರ್‌ಗಳ ಆಕಾರವನ್ನು ಹೀಗೆ ಆರಿಸುತ್ತದೆ.

ಬರೆದಿಡುವಾಗ

ಉತ್ತರದ ಪಕ್ಕದಲ್ಲೇ ನಾಝಲ್‌ನ ತಾಪ, ವೇಗ, ಪ್ಲೇಟಿನ ಬಳಿ ಅಳೆದ ವೋಲ್ಟೇಜ್, ಸೋರಿದ ಕರೆಂಟ್, ಲೇಸರಿನ ತೀವ್ರತೆ, ಆ ದಿನದ ಸೋಡಿಯಂ ಅಳತೆ ಇಷ್ಟನ್ನೂ ಬರೆಯಿರಿ. ಆನ್ ಮತ್ತು ಆಫ್‌ನ ಮೂಲ ಗೆರೆಗಳನ್ನು ಅಳಿಸಬೇಡಿ. ಯಾವ ಸೂತ್ರ ಹಾಕಿದಿರಿ, ಗೆರೆಯ ಯಾವ ಆಕಾರ ನೋಡಿ ಅದನ್ನು ಆರಿಸಿದಿರಿ ಅಂತ ಒಂದು ಸಾಲು ಇರಲಿ. ಕೋಣೆಯ ತೇವಾಂಶಕ್ಕೂ ಒಂದು ಕಾಲಂ ಹಾಕಿ. ನಮ್ಮ ನೋಟ್‌ಬುಕ್ಕಿನಲ್ಲಿ ಆ ಕಾಲಂ ಶುರುವಾದದ್ದು ಆ ಜೂನ್ ವಾರದಿಂದ.